ಭಾನುವಾರ ಇಳಿಯುವ ಕೆರೆ

ಆ ಶನಿವಾರ ಮಗಳು ನೇಜಾ ಲ್ಯುಬ್ಲ್ಯಾನಾದಿಂದ ಮನೆಗೆ ಬಂದಾಗ ನನ್ನ ಎರಡೂ ಕೈ ಹಿಟ್ಟಿನಲ್ಲಿದ್ದವು. ಮೇಜಿನ ತುಂಬ ಬಟ್ಟೆ ಹಾಸಿ, ಅದರ ಮೇಲೆ ಹಿಟ್ಟನ್ನು ತೆಳ್ಳಗೆ ಎಳೆದು, ಬಸಿದ ಗಟ್ಟಿ ಮೊಸರು ಸವರಿ ಸುರುಳಿ ಸುತ್ತುವ ಕೆಲಸ. ಅರ್ಧಕ್ಕೆ ಬಿಟ್ಟರೆ ಹಿಟ್ಟು ಒಣಗಿ ಹರಿಯುತ್ತದೆ. ಹಾಗಾಗಿ ಅವಳು ಹೇಳಿದ್ದನ್ನೆಲ್ಲ ನಾನು ನಿಂತಲ್ಲೇ ನಿಂತು, ಅವಳ ಮುಖ ನೋಡದೆ ಕೇಳಿಸಿಕೊಂಡೆ. ಅದು ಒಳ್ಳೆಯದೇ ಆಯಿತು. ನನ್ನ ಮುಖವನ್ನೂ ಅವಳು ನೋಡಲಿಲ್ಲ.

ನೇಜಾ ವಿಶ್ವವಿದ್ಯಾಲಯದ ಭೂಗೋಳ ವಿಭಾಗದಲ್ಲಿದ್ದಾಳೆ. ಮೂರು ವರ್ಷದಿಂದ ಅವಳು ಬರೆಯುತ್ತಿದ್ದುದು ನಮ್ಮ ಕೆರೆಯ ಬಗ್ಗೆ. ನಮ್ಮದು ವರ್ಷವಿಡೀ ಇರುವ ಕೆರೆಯಲ್ಲ. ಶರತ್ಕಾಲದ ಮಳೆಗೆ ನೆಲದ ಬಿಲಗಳಿಂದ ನೀರು ಉಕ್ಕಿ ಹುಲ್ಲುಗಾವಲು ಮುಳುಗುತ್ತದೆ. ಬೇಸಿಗೆಯಲ್ಲಿ ಆ ನೀರು ಅದೇ ಬಿಲಗಳೊಳಗೆ ಇಳಿದು ಹೋಗುತ್ತದೆ, ನಾವು ಕುಡುಗೋಲು ಹಿಡಿದು ಅಲ್ಲೇ ಹುಲ್ಲು ಕೊಯ್ಯುತ್ತೇವೆ. ಅರವತ್ತು ವರ್ಷದಲ್ಲಿ ಈ ಕೆರೆ ಹೇಗೆ ಬದಲಾಗಿದೆ, ಮೊದಲಿಗಿಂತ ಎಷ್ಟು ದಿನ ಮುಂಚೆ ಖಾಲಿಯಾಗುತ್ತಿದೆ ಎಂಬುದು ಅವಳ ಪ್ರಬಂಧ. ಅದನ್ನು ಸ್ಲೊವೇನಿಯಾದ ಒಂದು ದೊಡ್ಡ ಭೂಗೋಳ ಪತ್ರಿಕೆಗೆ ಕಳಿಸಿದ್ದಳು. ಅಚ್ಚಾದರೆ ವಿಭಾಗದಲ್ಲಿ ಅವಳ ಕೆಲಸ ಕಾಯಂ ಆಗುತ್ತಿತ್ತು. ಆಗದಿದ್ದರೆ ವರ್ಷದ ಕೊನೆಗೆ ಕರಾರು ಮುಗಿದು ಬೇರೆ ದಾರಿ ನೋಡಿಕೊಳ್ಳಬೇಕಿತ್ತು.

ಆ ಅರವತ್ತು ವರ್ಷದ ಅಂಕಿಗಳು ಹೋದದ್ದು ನಮ್ಮ ಮನೆಯಿಂದಲೇ. ಕೆರೆಯ ಆಚೆ ಕೊನೆಯ ಸೇತುವೆಯ ಕಂಬಕ್ಕೆ ಒಂದು ಬಿಳಿ ಅಳತೆಪಟ್ಟಿ ಬಡಿದಿದೆ. ದಿನವೂ ಬೆಳಿಗ್ಗೆ ಏಳಕ್ಕೆ ಅಲ್ಲಿ ನೀರು ಎಷ್ಟು ಸೆಂಟಿಮೀಟರ್ ಮುಟ್ಟಿದೆ ಎಂದು ನೋಡಿ, ಪುಸ್ತಕದಲ್ಲಿ ಬರೆದು, ತಿಂಗಳ ಕೊನೆಗೆ ಆ ಹಾಳೆಯನ್ನು ಜಲಮಾಪನ ಕಚೇರಿಗೆ ಕಳಿಸಬೇಕು. ಇಪ್ಪತ್ತೇಳು ವರ್ಷ ನನ್ನ ಮಾವ ಅದನ್ನು ಮಾಡಿದರು. ಕಣ್ಣಿಗೆ ಪೊರೆ ಬಂದ ಮೇಲೆ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, ಒಂದು ದಿನವೂ ತಪ್ಪಬಾರದು ಎಂದಷ್ಟೇ ಹೇಳಿದರು. ಮೂವತ್ತಮೂರು ವರ್ಷ ನಾನು ತಪ್ಪಿಸಲಿಲ್ಲ. ಸೇತುವೆಗೆ ಯಂತ್ರ ಬಂದ ಮೇಲೆ ಕಚೇರಿಯವರು ನನಗೊಂದು ಹಿತ್ತಾಳೆ ಫಲಕ ಕೊಟ್ಟರು. ಅದು ಅಡುಗೆಮನೆಯ ಗೋಡೆಯ ಮೇಲೆ, ಗಡಿಯಾರದ ಪಕ್ಕದಲ್ಲಿದೆ.

ಪತ್ರಿಕೆಯಿಂದ ಉತ್ತರ ಬಂದಿದೆ ಎಂದಳು ನೇಜಾ. ಅವರ ಪದ್ಧತಿಯಂತೆ ಪ್ರಬಂಧವನ್ನು ಇಬ್ಬರು ಪರಿಶೀಲಕರು ಓದಿದ್ದರು. ಅವರು ಯಾರೆಂದು ಬರೆದವರಿಗೆ ತಿಳಿಯುವುದಿಲ್ಲ. ಮೊದಲನೆಯವರು ಹೊಗಳಿದ್ದರು. ಎರಡನೆಯವರು ಒಂದೇ ಒಂದು ಚಳಿಗಾಲದ ಮೇಲೆ ಪೂರ್ತಿ ಒಂದು ಪುಟ ಬರೆದಿದ್ದರು. ಅದು ಸಾವಿರದ ಒಂಬೈನೂರ ಎಂಬತ್ತೊಂಬತ್ತರ ಡಿಸೆಂಬರಿನಿಂದ ಮುಂದಿನ ಜೂನ್ ತನಕದ ಅಂಕಿಗಳ ಮಾತು.

ಅವಳು ಓದಿದಳು. “‘ಪ್ರತಿ ಏಳನೆಯ ದಿನ ನೀರು ಸುಮಾರು ಹದಿನಾಲ್ಕು ಸೆಂಟಿಮೀಟರ್ ಇಳಿದು ಮರುದಿನ ಮತ್ತೆ ಏರುತ್ತದೆ. ತಾರೀಖು ತಾಳೆ ನೋಡಿದರೆ ಆ ದಿನಗಳೆಲ್ಲ ಭಾನುವಾರಗಳು. ಭಾನುವಾರ ಬಂತೆಂದು ತಗ್ಗುವ ಕೆರೆಯನ್ನು ನಾನು ಎಲ್ಲಿಯೂ ಕಂಡಿಲ್ಲ.’”

ನಾನು ಹಿಟ್ಟಿನ ಅಂಚನ್ನು ಎಳೆಯುತ್ತಲೇ ಇದ್ದೆ. ಇನ್ನೂ ಇತ್ತು. ಅದೇ ತಿಂಗಳುಗಳಲ್ಲಿ ವಾರದ ದಿನಗಳ ಅಂಕಿಗಳೆಲ್ಲ ಸೊನ್ನೆಗೋ ಐದಕ್ಕೋ ಕೊನೆಯಾಗುತ್ತವೆ, ಇದು ಮನೆಯಲ್ಲಿ ಕೂತು ಅಂದಾಜಿಗೆ ಬರೆದವರ ಲಕ್ಷಣ ಎಂದಿದ್ದರು. ಇಂಥವರು ಬರೆದ ಮೂವತ್ತಮೂರು ವರ್ಷವನ್ನೂ ಕೈಬಿಡಬೇಕು, ಇಲ್ಲವೇ ತೃಪ್ತಿಯಾಗುವಂಥ ವಿವರಣೆ ಕೊಡಬೇಕು. ಮೂರು ವಾರ ಗಡುವು. ಮೂವತ್ತಮೂರು ವರ್ಷ ಬಿಟ್ಟರೆ ಪ್ರಬಂಧದಲ್ಲಿ ಉಳಿಯುವುದೇನೂ ಇರಲಿಲ್ಲ.

ನೇಜಾ ಕಂಪ್ಯೂಟರನ್ನು ಹಿಟ್ಟಿನ ಅಂಚಿಗೆ ತಗುಲದ ಹಾಗೆ ತಿರುಗಿಸಿ ಗೆರೆಯ ಚಿತ್ರ ತೋರಿಸಿದಳು. ಸುತ್ತಲಿನ ಚಳಿಗಾಲಗಳೆಲ್ಲ ನುಣ್ಣಗೆ ಏರಿ ಇಳಿದಿದ್ದವು. ಆ ಒಂದು ಮಾತ್ರ ಗರಗಸದ ಹಲ್ಲಿನಂತಿತ್ತು.

“ಆಫೀಸಲ್ಲಿ ನಕಲು ಮಾಡಿದವರ್ಯಾರೋ ಎಡವಿದಾರೆ ಅಮ್ಮ,” ಎಂದಳು. “ನೀನು ಜ್ವರ ಬಂದಾಗ್ಲೂ ಹಿಮದಲ್ಲಿ ಸೇತುವೆಗೆ ಹೋಗಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ. ಮೊಣಕಾಲು ಊದಿಸ್ಕೊಂಡು ಹೋಗಿದ್ದೀಯ. ಈ ಮನುಷ್ಯನಿಗೆ ಏನು ಗೊತ್ತು?”

ನಾನು ಸುರುಳಿ ಸುತ್ತಿದೆ. ಬಟ್ಟೆಯಲ್ಲಿ ಕಟ್ಟಿ ಕುದಿಯುವ ನೀರಿಗೆ ಬಿಟ್ಟೆ. ಅವಳು ತುಂಬ ಹಸಿದಿದ್ದಳು, ಮೂರು ತುಂಡು ತಿಂದಳು. ನನ್ನ ಪಾಲನ್ನೂ ಅವಳ ತಟ್ಟೆಗೇ ಹಾಕಿದೆ.

ಮರುದಿನ ಬೆಳಿಗ್ಗೆ ವಿಂಕೊ ಸೌದೆ ತರಲು ಕೊಟ್ಟಿಗೆಗೆ ಹೋಗಿದ್ದರು. ವಿಂಕೊ ಎಂದರೆ ನನ್ನ ಗಂಡ. ಮರ ಕೊಯ್ಯುವ ಮಿಲ್ಲಿನಿಂದ ನಿವೃತ್ತರಾಗಿ ಆರು ವರ್ಷವಾಗಿದ್ದರೂ ಇಂದಿಗೂ ಐದಕ್ಕೆ ಎದ್ದು ಬಿಡುತ್ತಾರೆ. ನೇಜಾ ಕಾಫಿ ಕುಡಿಯುತ್ತಾ ಪತ್ರಿಕೆಗೆ ಕಳಿಸಬೇಕಾದ ಉತ್ತರವನ್ನು ನನಗೆ ಓದಿ ಹೇಳಿದಳು. ಅದರಲ್ಲಿ ಒಂದು ವಾಕ್ಯವಿತ್ತು. ಈ ಮಾಪಕಿ ಮೂವತ್ತಮೂರು ವರ್ಷದಲ್ಲಿ ಒಂದು ದಿನವೂ ಸೇತುವೆಯ ಪಟ್ಟಿಯನ್ನು ಬಿಟ್ಟು ಬೇರೆಲ್ಲಿಂದಲೂ ಅಂಕಿ ತೆಗೆದುಕೊಂಡಿಲ್ಲ, ಇದನ್ನು ನಾನು ಸ್ವತಃ ಬಲ್ಲೆ.

ಅವಳು ನನ್ನನ್ನು ನಂಬಿ, ತನ್ನ ಹೆಸರು ಹಾಕಿ, ಸುಳ್ಳೊಂದನ್ನು ಕಳಿಸುವವಳಿದ್ದಳು.

“ಅದನ್ನ ಬರೀಬೇಡ,” ಎಂದೆ.

“ಯಾಕೆ?”

“ಅದು ನಿಜ ಅಲ್ಲ ಮಗಳೇ.”

ಹೇಳಲು ಕೂತೆ. ಮೂವತ್ತನಾಲ್ಕು ವರ್ಷ ಯಾರಿಗೂ ಹೇಳದಿದ್ದದ್ದು ಹೇಳುವಾಗ ಅಷ್ಟು ದೊಡ್ಡದೇನೂ ಅನ್ನಿಸಲಿಲ್ಲ, ಒಂದು ಲೋಟ ಕಾಫಿ ಆರುವಷ್ಟರಲ್ಲಿ ಮುಗಿಯಿತು. ನೇಜಾ ಹುಟ್ಟಿದ್ದು ನವೆಂಬರಿನ ಕೊನೆಗೆ, ಆರು ವಾರ ಮೊದಲೇ. ಎರಡು ಕಿಲೋ ಕೂಡ ಇರಲಿಲ್ಲ. ಗಂಟೆಗೊಮ್ಮೆ ಚಮಚದಲ್ಲಿ ಹಾಲು ಹಾಕಬೇಕು, ಒಲೆಯ ಪಕ್ಕದಿಂದ ಕದಲಿಸಬಾರದು ಎಂದಿದ್ದರು ವೈದ್ಯರು. ನನ್ನ ಹೊಟ್ಟೆಯ ಹೊಲಿಗೆ ಇನ್ನೂ ಮಾಗಿರಲಿಲ್ಲ. ಮೊದಲ ಎರಡು ವಾರ ವಿಂಕೊ ರಜೆ ಹಾಕಿ ಸೇತುವೆಗೆ ಹೋದರು. ಆಮೇಲೆ ಮಿಲ್ಲಿನ ಪಾಳಿ ಬೆಳಿಗ್ಗೆ ಆರಕ್ಕೇ ಶುರು. ಅತ್ತೆ ತೀರಿಕೊಂಡಿದ್ದರು, ಮಾವನಿಗೆ ಕಣ್ಣು ಕಾಣುತ್ತಿರಲಿಲ್ಲ. ಸೇತುವೆಗೆ ಹೋಗಿ ಬರಲು ಮುಕ್ಕಾಲು ಗಂಟೆ ಬೇಕು. ಮಗುವನ್ನು ಕುರುಡರ ಕೈಗೆ ಕೊಟ್ಟು ಹೋಗುವುದು ಹೇಗೆ?

ನಮ್ಮ ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಕೆಳಗೆ ನೆರೆಮನೆಯ ಗಾಶ್ಪೆರನ ಹುಲ್ಲಟ್ಟಣೆ ಕಾಣುತ್ತದೆ. ಹುಲ್ಲು ಒಣಹಾಕಲು ಓಕ್ ಕಂಬಗಳ ನಡುವೆ ಅಡ್ಡಮರಗಳನ್ನು ಜೋಡಿಸಿ ಮೇಲೆ ಸೂರು ಹೊದಿಸಿದ ಉದ್ದನೆಯ ಅಟ್ಟಣೆ ಅದು. ಚಳಿಗಾಲದಲ್ಲಿ ಅದರ ಕಾಲುಗಳು ನೀರಿನಲ್ಲಿರುತ್ತವೆ. ಒಂದು ಭಾನುವಾರ ವಿಂಕೊ ಏಳಕ್ಕೆ ಸೇತುವೆಯ ಪಟ್ಟಿ ನೋಡಿಕೊಂಡು ಬಂದು, ಮೀನು ಹಿಡಿಯುವವರ ಉದ್ದ ರಬ್ಬರ್ ಬೂಟು ಹಾಕಿ ನೀರಿಗಿಳಿದು, ಆ ಮೂಲೆಯ ಕಂಬದ ಮೇಲೆ ನೀರು ಮುಟ್ಟಿದ ಕಡೆ ಅದೇ ಅಂಕಿಗೆ ಗೆರೆ ಹಾಕಿದರು. ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಐದೈದು ಸೆಂಟಿಮೀಟರಿಗೊಂದು ಗರಗಸದ ಗೀರು, ಗೀರಿನೊಳಗೆ ಕೆಂಪು ಬಣ್ಣ. ಮರುದಿನದಿಂದ ನಾನು ಮಗುವನ್ನು ತೋಳಲ್ಲಿ ಹಿಡಿದುಕೊಂಡೇ, ಮಾವನ ಬೇಟೆಯ ದುರ್ಬೀನಿನಲ್ಲಿ ಕಿಟಕಿಯಿಂದ, ನೀರಿಗೆ ಹತ್ತಿರದ ಗೀರನ್ನು ಓದಿದೆ. ಭಾನುವಾರ ಮಾತ್ರ ವಿಂಕೊ ಸೇತುವೆಗೆ ಹೋಗಿ ನಿಜವಾದ ಪಟ್ಟಿಯನ್ನು ನೋಡಿ ಬರುತ್ತಿದ್ದರು. ಜೂನ್ ನಡುವಿಗೆ ನೀರು ಅಟ್ಟಣೆಯಿಂದ ಹಿಂದೆ ಸರಿಯಿತು, ನೇಜಾ ಗುಂಡಗಾಗಿದ್ದಳು. ಅವಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಮತ್ತೆ ಸೇತುವೆಗೆ ಹೋಗತೊಡಗಿದೆ.

ಕಚೇರಿಯ ನಿಯಮ ಒಂದೇ ಸಾಲು. ಪಟ್ಟಿಯ ಬಳಿ ನಿಂತು ಓದತಕ್ಕದ್ದು. ಪ್ರತಿ ತಿಂಗಳ ಹಾಳೆಯ ಕೆಳಗೆ ಅದು ಅಚ್ಚಾಗಿರುತ್ತದೆ, ಅದರ ಕೆಳಗೆ ನನ್ನ ಸಹಿ. ಆ ಏಳು ಹಾಳೆಗಳ ಕೆಳಗೂ ಇದೆ.

ನೇಜಾ ಕಂಪ್ಯೂಟರಿನ ಮುಚ್ಚಳ ಮುಚ್ಚಿದಳು. ಸಿಟ್ಟಾದಳು ಎಂದುಕೊಂಡೆ. ಆದರೆ ಅವಳು ಕೇಳಿದ್ದು, ಕಂಬದಿಂದ ಓದಿದ ಮೊದಲ ದಿನ ಯಾವುದು ಎಂದು. ಸರಿತಪ್ಪಿನ ತೀರ್ಪನ್ನು ಬದಿಗಿಟ್ಟು ಮೊದಲು ತಾರೀಖು ಕೇಳುವವಳು. ಅವಳ ಅಜ್ಜನ ಗುಣ ಅದು.

ಅಷ್ಟರಲ್ಲಿ ವಿಂಕೊ ಸೌದೆ ತಂದು ಒಲೆಯ ಬಳಿ ಸುರಿದರು. ನೇಜಾ ಅವರಿಗೆ ಗರಗಸದ ಹಲ್ಲಿನ ಚಿತ್ರ ತೋರಿಸಿ, ನೀನು ಹಾಕಿದ ಗೆರೆ ಹದಿನಾಲ್ಕು ಸೆಂಟಿಮೀಟರ್ ತಪ್ಪಾಗಿದೆಯಲ್ಲಪ್ಪ ಎಂದಳು.

“ನನ್ನ ಗೆರೆ ತಪ್ಪಲ್ಲ,” ಎಂದರು ವಿಂಕೊ. “ನಲವತ್ತು ವರ್ಷ ಮರ ಅಳೆದಿದೀನಿ. ಓದೋದ್ರಲ್ಲಿ ನಿಮ್ಮಮ್ಮಂದೇ ತಪ್ಪಿತ್ತು. ಪಾಪ, ರಾತ್ರಿಯೆಲ್ಲ ನಿದ್ದೆ ಇರ್ಲಿಲ್ಲ ಅವಳಿಗೆ.”

ನಾನು ಅವರತ್ತ ತಿರುಗಿದೆ. “ನಾನು ಓದಿದ್ದು ತಪ್ಪು ಅಂತ ನಿಮಗೆ ಆಗ್ಲೇ ಅನ್ಸಿತ್ತಾ?”

“ಅನ್ಸದೆ? ಪ್ರತಿ ಭಾನುವಾರ ಬಂದು ಪುಸ್ತಕ ನೋಡಿದ್ರೆ ಹಿಂದಿನ ದಿನದ್ದು ಅಷ್ಟು ಜಾಸ್ತಿ. ಹೇಳೋಣ ಅಂದ್ರೆ ನಿನ್ನ ಕಣ್ಣ ಕೆಳಗೆ ಕಪ್ಪು. ಬಾಯಿ ಬರ್ಲಿಲ್ಲ.”

ನನಗೆ ನಗು ತಡೆಯಲಾಗಲಿಲ್ಲ. ಏಕೆಂದರೆ ನಾನೂ ನೋಡಿದ್ದೆ. ಪ್ರತಿ ಭಾನುವಾರ ಇವರು ತಂದ ಅಂಕಿ ಅಷ್ಟು ಕಡಿಮೆ ಇರುತ್ತಿತ್ತು. ಇವರು ಎತ್ತರದವರು, ಮೆಟ್ಟಿಲಿಳಿದು ಪಟ್ಟಿಯ ಎದುರು ಬಗ್ಗದೆ ಸೇತುವೆಯ ಮೇಲಿನಿಂದಲೇ ಬಾಗಿ ನೋಡಿ ಬರುತ್ತಾರೆ ಎಂದು ನಾನು ತಿಳಿದಿದ್ದೆ. ವಾರಕ್ಕೆ ಒಂದೇ ದಿನ ರಜೆ, ಅದರಲ್ಲೂ ಮಂಜಿನಲ್ಲಿ ನಡೆದು ಬಂದವರ ಮುಂದೆ ನಿಮ್ಮದು ತಪ್ಪು ಎನ್ನಲು ಮನಸ್ಸಾಗಲಿಲ್ಲ. ಅವರು ಹೇಳಿದ್ದನ್ನು ಹಾಗೇ ಬರೆದೆ, ನಾನು ನೋಡಿದ್ದನ್ನೂ ಹಾಗೇ ಬರೆದೆ. ಎರಡನ್ನೂ ತಿದ್ದಲಿಲ್ಲ.

ನೇಜಾ ನಮ್ಮಿಬ್ಬರನ್ನೂ ನೋಡಿದಳು. “ಏಳು ತಿಂಗಳು ಒಬ್ರಿಗೊಬ್ರು ಬೇಜಾರು ಮಾಡಬಾರದು ಅಂತ ಕೆರೆನೇ ಕುಣಿಸಿಬಿಟ್ರಿ ನೀವಿಬ್ರೂ,” ಎಂದಳು.

ಆದರೆ ತಪ್ಪು ಎಲ್ಲಿತ್ತು? ಗೆರೆ ಹಾಕಿದ ದಿನದ ಪುಟವನ್ನು ನೇಜಾ ಹುಡುಕಿದಳು. ಹಳೆಯ ಪುಸ್ತಕಗಳೆಲ್ಲ ಮೇಲಿನ ಕೋಣೆಯ ಪೆಟ್ಟಿಗೆಯಲ್ಲಿದ್ದವು. ಡಿಸೆಂಬರ್ ಹತ್ತು, ಭಾನುವಾರ. ನೀರಿನ ಅಂಕಿಯ ಪಕ್ಕದಲ್ಲಿ ಗಾಳಿಗೆಂದು ಒಂದು ಚಿಕ್ಕ ಕಲಂ ಇರುತ್ತದೆ. ಅದರಲ್ಲಿ ನನ್ನ ಕೈಬರಹದಲ್ಲಿ, ಎರಡು ಅಡಿಗೆರೆ ಹಾಕಿ ಬರೆದಿತ್ತು, ಬೂರಿಯಾ.

ಬೂರಿಯಾ ನಮ್ಮ ಬೆಟ್ಟದಿಂದ ಇಳಿಯುವ ಗಾಳಿ. ಶುರುವಾದರೆ ಹೆಂಚು ಹಾರುತ್ತವೆ. ನೇಜಾ ಕೂತಲ್ಲಿಂದ ಎದ್ದೇಬಿಟ್ಟಳು. ನಮ್ಮ ಮನೆ, ಗಾಶ್ಪೆರನ ಅಟ್ಟಣೆ ಎರಡೂ ಬೆಟ್ಟದ ಬುಡದಲ್ಲಿವೆ. ಗಾಳಿ ಇಲ್ಲಿಂದ ನೀರನ್ನು ತಳ್ಳಿಕೊಂಡು ಹೋಗಿ ಆಚೆ ಸೇತುವೆಯ ಕಡೆ ಒತ್ತುತ್ತದೆ. ಕೆರೆ ಆಳವಿಲ್ಲದ್ದು, ತಟ್ಟೆಯಲ್ಲಿನ ಸಾರಿನಂತೆ ಒಂದು ಕಡೆಗೆ ವಾಲುತ್ತದೆ. ಅಂದು ಸೇತುವೆಯಲ್ಲಿ ನೀರು ಏರಿತ್ತು, ಅಟ್ಟಣೆಯಲ್ಲಿ ತಗ್ಗಿತ್ತು. ವಿಂಕೊ ಸೇತುವೆಯ ಅಂಕಿಯನ್ನು ತಂದು ತಗ್ಗಿದ ನೀರಿಗೆ ಗೆರೆ ಹಾಕಿದ್ದರು. ಗಾಳಿ ನಿಂತು ಕೆರೆ ಮಟ್ಟಸವಾದ ಮೇಲೆ ಆ ಕಂಬ ದಿನವೂ ಹದಿನಾಲ್ಕು ಸೆಂಟಿಮೀಟರ್ ಹೆಚ್ಚು ಹೇಳತೊಡಗಿತು.

“ನೋಡಿದ್ಯಾ, ನನ್ನ ಗೆರೆ ಸರಿಯಾಗೇ ಇತ್ತು,” ಎಂದರು ವಿಂಕೊ. “ಕೆರೆನೇ ಸೊಟ್ಟಗಿತ್ತು.”

ಪರಿಶೀಲಕರಿಗೆ ಬಾಯಿಮಾತು ಸಾಲದು, ತೋರಿಸಬೇಕು ಎಂದಳು ನೇಜಾ. ಅದು ಫೆಬ್ರುವರಿ, ಕೆರೆ ತುಂಬಿತ್ತು, ಅಂದು ಎಲೆ ಅಲುಗಾಡುತ್ತಿರಲಿಲ್ಲ. ಪೂಜೆ ಮುಗಿಸಿ ಚರ್ಚಿನಿಂದ ಬಂದವರು ನೇರವಾಗಿ ಗಾಶ್ಪೆರನ ಮನೆಗೆ ಹೋದೆವು. ಗಾಶ್ಪೆರ್ ವಿಂಕೊಗಿಂತ ಎರಡು ವರ್ಷ ದೊಡ್ಡವನು. ಅಂದು ತನ್ನನ್ನು ಕೇಳದೆ ಕಂಬಕ್ಕೆ ಗರಗಸ ಹಾಕಿದ್ದಕ್ಕೆ ಅವನು ವಿಂಕೊ ಜತೆ ಒಂದು ತಿಂಗಳು ಮಾತು ಬಿಟ್ಟಿದ್ದ. ಯಾಕೆ ಗೀರಿದ್ದೆಂದು ನಾವು ಅವನಿಗೂ ಹೇಳಿರಲಿಲ್ಲ. ಈಗ ನೇಜಾ ಎಲ್ಲವನ್ನೂ ವಿವರಿಸಿದಳು.

“ಮೊದಲೇ ಹೇಳಿದ್ರೆ ಕಂಬನೇ ಕಿತ್ತು ಕೊಡ್ತಿದ್ದೆ ಕಣೋ,” ಎಂದ ವಿಂಕೊಗೆ. “ನಾನು ಇಷ್ಟು ವರ್ಷ, ಇವನು ಕುಡಿದು ಗೀಚಿದಾನೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ.”

“ನನಗೂ ಗೊತ್ತು. ಅದಕ್ಕೇ ನಿನ್ನ ಹತ್ರ ಜೇನುತುಪ್ಪ ತಗೊಳ್ಳೋದು ಬಿಟ್ಟಿದ್ದು,” ಎಂದರು ವಿಂಕೊ.

ಕಂಬ ಅಲ್ಲೇ, ಕಲ್ಲಿನ ಪಾದದ ಮೇಲೆ ಹಾಗೇ ಇತ್ತು. ಬಣ್ಣ ಮಾಸಿತ್ತು, ಗೀರುಗಳು ಅಳಿಸಿರಲಿಲ್ಲ. ನೇಜಾ ಸೇತುವೆಗೆ ಹೋದಳು. ವಿಂಕೊ ಮತ್ತು ಗಾಶ್ಪೆರ್ ಬೂಟು ಹಾಕಿಕೊಂಡು, ಗೀರುಗಳನ್ನು ಒರೆಸಿ ತೋರಿಸಲು ನೀರಿಗಿಳಿದರು. ನಾನು ಅಡುಗೆಮನೆಯ ಕಿಟಕಿಯಲ್ಲಿ, ಮಾವನ ದುರ್ಬೀನು ಹಿಡಿದು, ಹೆಗಲಿಗೂ ಕಿವಿಗೂ ನಡುವೆ ಫೋನು ಸಿಕ್ಕಿಸಿ ನಿಂತೆ. ಅದೇ ಜಾಗ. ಅಂದು ಆ ಹೆಗಲ ಮೇಲೆ ಅವಳ ತಲೆ ಇರುತ್ತಿತ್ತು.

“ಹೇಳಮ್ಮ, ಎಷ್ಟು?” ಎಂದಳು ಫೋನಿನಲ್ಲಿ. ಮಾವ ದಿನವೂ ಹಾಗೇ ಕೇಳುತ್ತಿದ್ದರು.

“ಇನ್ನೂರ ಹತ್ತು. ಒಂದು ಕೂದಲೆಳೆ ಕೆಳಗೆ.”

ಅವಳು ಮೆಟ್ಟಿಲಿಳಿದು ಬಗ್ಗುವ ಸದ್ದು ಕೇಳಿಸಿತು.

“ನೂರ ತೊಂಬತ್ತೈದು ಮುಕ್ಕಾಲು,” ಎಂದಳು. “ಅಮ್ಮ, ಹದಿನಾಲ್ಕು.”

ಆ ದಿನ ಮಧ್ಯಾಹ್ನದ ತನಕ ಹತ್ತು ಸಲ ಹಾಗೆ ಓದಿದೆವು. ಗಾಶ್ಪೆರನಿಗೆ ಚಳಿ ಹಿಡಿದು ಅವನ ಸೊಸೆ ಬಂದು ಬೈದು ಕರೆದುಕೊಂಡು ಹೋದಳು. ಅಷ್ಟರಲ್ಲಿ ಅವನು ತನ್ನ ಅಟ್ಟಣೆಯ ಫೋಟೋವನ್ನು ಪತ್ರಿಕೆಯಲ್ಲಿ ಹಾಕಬೇಕು ಎಂಬ ಷರತ್ತು ವಿಧಿಸಿಯಾಗಿತ್ತು.

ಸಂಜೆ ಬಸ್ಸಿಗೆ ಹೊರಡುವ ಮುನ್ನ ನೇಜಾ ನನ್ನ ಮುಂದೆ ಕೂತಳು. ಎಲ್ಲವನ್ನೂ ಬರೆಯಬೇಕಾಗುತ್ತದೆ ಎಂದಳು. ಯಾವ ದಿನದಿಂದ ಯಾವ ದಿನದವರೆಗೆ ಮಾಪಕಿ ಪಟ್ಟಿಯ ಬಳಿ ಇರಲಿಲ್ಲ, ಹೇಗೆ ಓದಿದಳು ಎಂಬುದನ್ನೂ, ಮಾಪಕಿ ತನ್ನ ತಾಯಿ ಎಂಬುದನ್ನೂ. ಅದನ್ನು ಮೊದಲೇ ತಿಳಿಸದಿದ್ದದ್ದು ತನ್ನ ತಪ್ಪು, ಅದನ್ನೂ ಒಪ್ಪಿಕೊಳ್ಳುತ್ತೇನೆ ಎಂದಳು. ಕಚೇರಿಯವರು ಓದುತ್ತಾರೆ. ಊರಿನವರೂ ಓದುತ್ತಾರೆ. ನೀನು ಬೇಡ ಅಂದರೆ ಬರೆಯುವುದಿಲ್ಲ, ಪ್ರಬಂಧ ವಾಪಸ್ಸು ತೆಗೆದುಕೊಳ್ಳುತ್ತೇನೆ.

ಅವಳ ಕೆಲಸ ಅದರ ಮೇಲೆ ನಿಂತಿತ್ತು. ಹಾಗಿದ್ದೂ ನನ್ನನ್ನು ಕೇಳಿದಳು. ನಾನು ಬರಿ ಎಂದೆ. ಅವಳು ಹೋದ ಮೇಲೆ ಹಿತ್ತಾಳೆ ಫಲಕವನ್ನು ಗೋಡೆಯಿಂದ ತೆಗೆದು, ಮೇಜಿನ ಖಾನೆಯಲ್ಲಿ ಒರೆಸುವ ಬಟ್ಟೆಗಳ ಕೆಳಗೆ ಇಟ್ಟೆ. ಯಾರಾದರೂ ಬಂದು ಕೇಳುವ ಮೊದಲು ನಾನೇ ತೆಗೆದರೆ ಒಳ್ಳೆಯದು ಅನ್ನಿಸಿತು. ಗೋಡೆಯ ಮೇಲೆ ಅದರ ಆಕಾರದ ಬಿಳಿ ಗುರುತು ಉಳಿಯಿತು. ವಿಂಕೊ ಅದನ್ನು ಒಮ್ಮೆ ನೋಡಿ ಸೌದೆ ತರಲು ಹೋದರು.

ಏಪ್ರಿಲ್‌ನಲ್ಲಿ, ನಾನು ಆಲೂಗಡ್ಡೆ ಬೀಜ ಹೂಳುತ್ತಿದ್ದಾಗ ನೇಜಾ ಫೋನ್ ಮಾಡಿದಳು. ಎರಡನೆಯ ಪರಿಶೀಲಕರ ಉತ್ತರ ಬಂದಿತ್ತು. ನಾನು ಮಣ್ಣಿನ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಸಾಲಿನ ಮಧ್ಯದಲ್ಲೇ ನಿಂತು ಕೇಳಿದೆ. ವಿವರಣೆಯನ್ನು ಅವರು ಪೂರ್ತಿ ಒಪ್ಪಿಕೊಂಡಿದ್ದರು. ಅಷ್ಟಕ್ಕೇ ಬಿಟ್ಟಿರಲಿಲ್ಲ. ಅಂದಾಜಿಗೆ ಬರೆಯುವವರು ಭಾನುವಾರದ ಅಂಕಿಯನ್ನು ವಾರದ ಅಂಕಿಗೆ ಹೊಂದಿಸಿ ತಿದ್ದಿಬಿಡುತ್ತಿದ್ದರು, ಈ ಮಾಪಕಿ ತನಗೆ ಅರ್ಥವಾಗದ ವ್ಯತ್ಯಾಸವನ್ನೂ ಕಂಡಂತೆ ಬರೆದಿದ್ದಾಳೆ, ಇಪ್ಪತ್ತಾರು ಭಾನುವಾರಗಳು ಇದ್ದುದರಿಂದಲೇ ಉಳಿದ ದಿನಗಳನ್ನು ಸರಿಪಡಿಸಲು ಸಾಧ್ಯವಾಯಿತು ಎಂದು ಬರೆದಿದ್ದರು. ಅಂದಾಜು ಎಂಬ ತಮ್ಮ ಮಾತನ್ನು ವಾಪಸ್ಸು ತೆಗೆದುಕೊಂಡಿದ್ದರು. ಕೊನೆಗೆ, ಕಂಬದ ಚಿತ್ರವೊಂದು ಪ್ರಬಂಧದಲ್ಲಿರಲಿ ಎಂದು ಕೇಳಿದ್ದರು.

ಇನ್ನೊಮ್ಮೆ ಓದು ಎಂದೆ. ಅವಳು ಓದಿದಳು. ಆ ಮನುಷ್ಯ ಯಾರೋ, ಗಂಡೋ ಹೆಣ್ಣೋ, ನನಗೆ ಇಂದಿಗೂ ತಿಳಿಯದು. ಅಂದು ಉಳಿದ ಆಲೂಗಡ್ಡೆ ಸಾಲುಗಳನ್ನು ಎಷ್ಟು ಬೇಗ ಮುಗಿಸಿದೆನೋ ಅದೂ ತಿಳಿಯದು.

ಇನ್ನು ಉಳಿದದ್ದು ಒಂದು ಪದ. ಅಚ್ಚಿಗೆ ಹೋಗುವ ಮುನ್ನ ಸಂಪಾದಕಿ ಒಂದು ಸಲಹೆ ಕೊಟ್ಟರಂತೆ. ಮಾಪಕಿಗೆ ಹೆರಿಗೆಯಾಗಿತ್ತು ಎಂಬುದು ವಿಜ್ಞಾನದ ಪ್ರಬಂಧದಲ್ಲಿ ಬೇಕೇ, ‘ವೈಯಕ್ತಿಕ ಕಾರಣಗಳಿಂದ’ ಎಂದರೆ ಸಾಲದೇ? ನೇಜಾ ನನ್ನನ್ನು ಕೇಳಿದಳು. ನನಗೂ ಅದೇ ಸರಿ ಅನ್ನಿಸಿತು. ಅಷ್ಟು ಜನ ಓದಿದವರ ಮುಂದೆ ನನ್ನ ಹೊಟ್ಟೆಯ ಹೊಲಿಗೆಯ ಕಥೆ ಯಾಕೆ ಎಂದೆ.

“ಅಮ್ಮ, ನೀರು ಏರಿದ್ರೆ ಮಳೆ ಅಂತ ಕಾರಣ ಬರೀತೀವಿ,” ಎಂದಳು ನೇಜಾ. “ವಾಲಿದ್ರೆ ಗಾಳಿ ಅಂತ ಬರೀತೀವಿ. ಆ ಏಳು ತಿಂಗಳ ಅಂಕಿಗೆ ಕಾರಣ ನಾನು. ನನ್ನ ಪ್ರಬಂಧದಲ್ಲಿ ನನ್ನನ್ನೇ ಯಾಕೆ ಮುಚ್ಚಿಡ್ಲಿ?”

ಹಾಗಾದರೆ ಇರಲಿ ಎಂದೆ. ಸಂಪಾದಕಿಯೂ ಒಪ್ಪಿದರಂತೆ.

ಪತ್ರಿಕೆ ಬಂದದ್ದು ನವೆಂಬರಿನಲ್ಲಿ. ಅದಕ್ಕೂ ಮೊದಲೇ ಜಲಮಾಪನ ಕಚೇರಿಯ ಒಬ್ಬ ಹುಡುಗಿ ಮನೆಗೆ ಫೋನ್ ಮಾಡಿದ್ದಳು. ನಾನು ಬೈಗುಳಕ್ಕೆ ಸಿದ್ಧಳಾಗಿ ಕುರ್ಚಿ ಎಳೆದುಕೊಂಡೇ ಮಾತಾಡಿದೆ. ಅವಳು ಕೇಳಿದ್ದು, ಪೆಟ್ಟಿಗೆಯಲ್ಲಿರುವ ಹಳೆಯ ಪುಸ್ತಕಗಳನ್ನೆಲ್ಲ ಕಚೇರಿ ಸ್ಕ್ಯಾನ್ ಮಾಡಿಕೊಳ್ಳಬಹುದೇ, ಗಾಳಿಯ ಕಲಂ ತಮ್ಮ ನಕಲಿನಲ್ಲಿ ಇಲ್ಲವೇ ಇಲ್ಲ ಎಂದು. ಫಲಕದ ಮಾತೇ ಎತ್ತಲಿಲ್ಲ. ಮರುದಿನ ನಾನು ಕೋಳಿಗಳಿಗೆ ಕಾಳು ಹಾಕಿ ಒಳಗೆ ಬರುವಷ್ಟರಲ್ಲಿ ವಿಂಕೊ ಅದನ್ನು ಹಳೆಯ ಗುರುತಿನ ಮೇಲೆ ಮತ್ತೆ ತೂಗುಹಾಕಿದ್ದರು. ಒಂದು ಬೆರಳಗಲ ಎಡಕ್ಕೆ ವಾಲಿತ್ತು. ನಾನು ನೆಟ್ಟಗೆ ಮಾಡಲು ಹೋದರೆ, ಗೋಡೆನೇ ಸೊಟ್ಟಗಿದೆ ಎಂದರು.

ನೇಜಾ ಪತ್ರಿಕೆಯ ಮೂರು ಪ್ರತಿ ತಂದಿದ್ದಳು. ಒಂದನ್ನು ಗಾಶ್ಪೆರ್ ಅಂಗಳದಲ್ಲೇ ಕಸಿದುಕೊಂಡು ಹೋದ. ಆರನೆಯ ಚಿತ್ರ ಅವನ ಅಟ್ಟಣೆಯದು, ಕಂಬದ ಪಕ್ಕದಲ್ಲಿ ವಿಂಕೊರ ಬೂಟುಗಾಲು ಕೂಡ ಬಂದಿದೆ. ಆ ವಾರವಿಡೀ ಅವನು ಅದನ್ನು ಊರಿನ ಹೋಟೆಲಿನಲ್ಲಿ ಮೇಜಿನಿಂದ ಮೇಜಿಗೆ ತೋರಿಸಿದನಂತೆ. ತನ್ನ ಅಟ್ಟಣೆಯನ್ನು ಭೂಗೋಳದವರು ಒಪ್ಪಿದ್ದಾರೆ, ಈಗ ಸೂರು ದುರಸ್ತಿ ಮಾಡಿಸಲೇಬೇಕು ಎಂದನಂತೆ. ಎರಡನೆಯ ಪ್ರತಿಯನ್ನು ವಿಂಕೊ ಕನ್ನಡಕ ಹಾಕಿಕೊಂಡು, ತಮ್ಮ ಹದಿನಾಲ್ಕು ಸೆಂಟಿಮೀಟರು ಇರುವ ಪುಟವನ್ನಷ್ಟೇ ಓದಿದರು. ತಪ್ಪಾದರೂ ಏಳು ತಿಂಗಳೂ ಒಂದೇ ಸಮ ತಪ್ಪು, ಅದು ಕೈ ಚೆನ್ನಾಗಿರುವವನಿಗೆ ಮಾತ್ರ ಆಗುವುದು ಎಂದು ಅವರ ವಾದ.

ನಾನು ಆಗ ಮೇಜಿನ ಬಳಿ ಇದ್ದೆ. ಅವಳ ಹುಟ್ಟುಹಬ್ಬಕ್ಕೆಂದು ಅದೇ ಸುರುಳಿ ಮಾಡುತ್ತಿದ್ದೆ, ಎರಡೂ ಕೈ ಹಿಟ್ಟಿನಲ್ಲಿದ್ದವು. ಕಿಟಕಿಯ ಕೆಳಗೆ ಆ ವರ್ಷದ ಮೊದಲ ನೀರು ಅಟ್ಟಣೆಯ ಕಲ್ಲಿನ ಪಾದವನ್ನು ಮುಟ್ಟಿತ್ತು. ನೇಜಾ ನಲವತ್ತೊಂದನೆಯ ಪುಟ ತೆರೆದು ನನ್ನ ಕಣ್ಣಿಗೆ ಹಿಡಿದಳು. ನನಗೆ ಕನ್ನಡಕವಿಲ್ಲದೆ ಅಕ್ಷರ ಕೂಡಲಿಲ್ಲ. ಅವಳೇ ಓದಿದಳು.

“‘೧೯೮೯ರ ಡಿಸೆಂಬರ್ ೧೧ರಿಂದ ೧೯೯೦ರ ಜೂನ್ ೧೬ರವರೆಗೆ, ಭಾನುವಾರಗಳನ್ನು ಬಿಟ್ಟು, ನೀರಿನ ಮಟ್ಟವನ್ನು ಮಾಪಕಿ ಪಾವ್ಲಾ ಅವರು ಮನೆಯ ಕಿಟಕಿಯಿಂದ, ಹುಲ್ಲಟ್ಟಣೆಯ ಕಂಬದ ಮೇಲಿನ ಗುರುತುಗಳ ಸಹಾಯದಿಂದ ಓದಿದ್ದಾರೆ. ಕಾರಣ, ಅವರಿಗೆ ಆಗಷ್ಟೇ ಹೆರಿಗೆಯಾಗಿತ್ತು ಮತ್ತು ಮಗುವನ್ನು ಬಿಟ್ಟು ಹೋಗುವಂತಿರಲಿಲ್ಲ. ಆ ಮಗು ಈ ಪ್ರಬಂಧದ ಲೇಖಕಿ. ಈ ಅವಧಿಯಲ್ಲಿ ಒಂದು ದಿನವೂ ಅಂಕಿ ಬರೆಯುವುದು ತಪ್ಪಿಲ್ಲ.’”

ಈ ಸಲ ನಾನು ಅವಳ ಮುಖ ನೋಡುತ್ತಾ ಕೇಳಿಸಿಕೊಂಡೆ. ಎರಡು ಕಿಲೋ ಕೂಡ ಇರದಿದ್ದವಳು. ವಿಭಾಗದಲ್ಲಿ ಅವಳ ಹೆಸರಿನ ಹಲಗೆಯನ್ನು ಈಗ ಬಾಗಿಲಿಗೆ ತಿರುಪು ಹಾಕಿ ಕೂರಿಸಿದ್ದಾರಂತೆ, ಮೊದಲು ಅಂಟಿಸಿದ್ದರಷ್ಟೇ. ಅದನ್ನೂ ಹೇಳಿದಳು. ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದು ಎಂದೆ. ಓದಿದಳು. ಅಷ್ಟರಲ್ಲಿ ಹಿಟ್ಟು ಒಣಗಿ, ಕಿಟಕಿಯ ಕಡೆಯ ಅಂಚಿನಲ್ಲಿ ಒಂದು ಗೇಣು ಹರಿಯಿತು. ಹರಿಯಲಿ ಎಂದು ಬಿಟ್ಟೆ.